ಎಡಕ್ಕೆ ತಿರುಗಿಸಿದಾಗ

ಬೈಕಿನ ಹೊಸ ಹ್ಯಾಂಡಲ್ ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ರಟ್ಟು ಸುತ್ತಿ ದಾರ ಬಿಗಿದಿದ್ದ ಅದನ್ನು ಅವಳು ಮಲಗುವ ಕೋಣೆಯ ಬಾಗಿಲ ಹಿಂದೆ ಒರಗಿಸಿಟ್ಟಿದ್ದಳು. ಅದರಿಂದಾಗಿ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಹನ್ನೊಂದು ದಿನವೂ ಓರೆಯಾಗಿ ಒಳಗೆ ಹೋದಳು, ಓರೆಯಾಗಿ ಹೊರಗೆ ಬಂದಳು, ಜಾಗ ಬದಲಿಸಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಇವತ್ತು ಅವಳಿಗೆ ರಜೆ. ಮೈದುನ ಐದು ಗಂಟೆಗೆ ಕೆಲಸದಿಂದ ಬರುತ್ತಾನೆ, ಬಂದು ಗಾಡಿ ಹತ್ತುತ್ತಾನೆ. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಎಷ್ಟು ಸಲೀಸಾಗಿ ಹೇಳಿದ: "ಸಂಜೆ ಒಂದು ರೌಂಡ್ ಹೊಡೆದು ನೋಡ್ತೀನಿ ಅತ್ತಿಗೆ. ನಾಳೆಯಿಂದ ಎರಡೆರಡು ಬಸ್ಸಿನ ಸಹವಾಸ ಸಾಕು." ಅವಳು ಹೂಂ ಅಂದಿದ್ದಳು. ಅವನು ಬೀದಿಯ ಕೊನೆ ದಾಟುವವರೆಗೂ ಕೈಯಲ್ಲಿ ಲೋಟ ಹಿಡಿದು ನಿಂತಿದ್ದಳು, ಲೋಟ ಖಾಲಿ ಎಂದು ಆಮೇಲೆ ಗೊತ್ತಾಯಿತು.

ಗಾಡಿ ಗೇಟಿನ ಒಳಗೆ, ಸಿಮೆಂಟಿನ ಜಾಗದಲ್ಲಿ ನಿಂತಿತ್ತು. ಗಂಡ ಸತ್ತು ಎಂಟು ತಿಂಗಳು. ಅದರಲ್ಲಿ ಆರು ತಿಂಗಳು ಗಾಡಿ ಪೊಲೀಸ್ ಠಾಣೆಯ ಕಾಂಪೌಂಡಿನಲ್ಲಿ ಬಿಸಿಲು ಮಳೆ ತಿಂದಿತ್ತು. ಬಿಡಿಸಿಕೊಂಡು ಬಂದ ದಿನ ಅಕ್ಕಪಕ್ಕದವರು ಗೇಟಿನ ಹೊರಗೆ ನಿಂತು ನೋಡಿದರು. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಚಕ್ರ ನೆಟ್ಟಗಿತ್ತು, ಮುಂದಿನ ಫೋರ್ಕು ನೆಟ್ಟಗಿತ್ತು, ದೀಪದ ಗಾಜು ಕೂಡ ಒಡೆದಿರಲಿಲ್ಲ. ಹ್ಯಾಂಡಲಿನ ಬಲಗೈ ಮಾತ್ರ ಪೆಟ್ರೋಲ್ ಟ್ಯಾಂಕಿನ ಕಡೆಗೆ ಮಡಚಿಕೊಂಡಿತ್ತು. "ಇಷ್ಟೇನಾ?" ಎಂದು ಯಾರೋ ಹೆಂಗಸು ಅಂದದ್ದು ಅವಳಿಗೆ ಕೇಳಿಸಿತು. ಎರಡು ವಾರದ ಹಿಂದೆ ಮೈದುನ ಹಳೆಯ ಪೆಟ್ರೋಲು ಚೆಲ್ಲಿ, ಪ್ಲಗ್ ಬದಲಿಸಿ, ಇಪ್ಪತ್ತು ಸಲ ಒದ್ದು ಎಂಜಿನ್ ಎಬ್ಬಿಸಿದ. ಹ್ಯಾಂಡಲ್ ಒಂದು ಹಾಕಿಸಿದರೆ ಆಯಿತು, ಮೂಲೆಯ ಗ್ಯಾರೇಜಿಗೆ ತಳ್ಳಿಕೊಂಡು ಹೋಗುತ್ತೇನೆ ಅಂದ. ಆಗಲೇ ಅವಳು ಬೇಡ ಅಂದದ್ದು. ನಾನೇ ಹಾಕುತ್ತೇನೆ, ನಿನ್ನ ಅಣ್ಣ ಹಾಕುವಾಗ ಪಕ್ಕದಲ್ಲಿದ್ದೆ, ನನಗೆ ಗೊತ್ತು ಅಂದಳು. ತಾಯಿ ಮಗ ಮುಖ ಮುಖ ನೋಡಿಕೊಂಡರು. ಅತ್ತೆ ಕಣ್ಣಲ್ಲೇ ಮಗನಿಗೆ ಬಿಡು ಅಂದರು. ಗಂಡನ ಗಾಡಿ, ಗಂಡನ ಸ್ಪ್ಯಾನರು, ಪಾಪ, ಅವಳ ಸಮಾಧಾನಕ್ಕೆ ಮಾಡಿಕೊಳ್ಳಲಿ. ಆ 'ಪಾಪ'ವನ್ನು ಅವಳು ತಗ್ಗಿದ ತಲೆಯಿಂದ ಇಸಿದುಕೊಂಡಳು. ಅದು ಬೇರೆ ಯಾರಿಗೋ ಬಂದ ಕಾಗದವನ್ನು ಸಹಿ ಮಾಡಿ ಇಸಿದುಕೊಂಡ ಹಾಗಿತ್ತು. ಗ್ಯಾರೇಜಿನವನಿಗೆ ದೊಡ್ಡ ಗಂಟಲು. ಬಿಚ್ಚುತ್ತಿದ್ದ ಹಾಗೆ ಬೀದಿಗೆಲ್ಲ ಕೇಳುವಂತೆ, 'ಅಯ್ಯೋ ಈ ಕೇಬಲ್ ಯಾರ್ರೀ ಹಿಂಗೆ ಎಳೆದು ಕಟ್ಟಿದ್ದು' ಅಂದುಬಿಟ್ಟರೆ? ಅಂದಮೇಲೆ ಮೈದುನ ಅವಳ ಕಡೆ ತಿರುಗಿದರೆ? ಆ ಒಂದು ತಿರುಗುವಿಕೆಯನ್ನು ಎಂಟು ತಿಂಗಳಿಂದ ಅವಳು ನಿದ್ದೆಯ ಅಂಚಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಬಚ್ಚಲಿನಲ್ಲಿ ಕಂಡಿದ್ದಾಳೆ.

ಟ್ಯಾಂಕಿಗೆ ಗೀರು ಬೀಳದಿರಲೆಂದು ಹಳೆಯ ಹೊದಿಕೆ ಹಾಸಿದಳು. ಮೊದಲು ಕನ್ನಡಿ ಬಿಚ್ಚಿದಳು. ಎಡಗಡೆಯದು ಸುಲಭವಾಗಿ ಬಂತು, ಬಲಗಡೆಯದು ತುಕ್ಕು ಹಿಡಿದು ಕೂತಿತ್ತು. ತಿರುಗಿಸುವಾಗ ಕನ್ನಡಿಯಲ್ಲಿ ಆಕಾಶ, ಗೋಡೆ, ಅವಳ ಗದ್ದ, ಮತ್ತೆ ಆಕಾಶ ಸುತ್ತಿ ಸುತ್ತಿ ಬಂದವು. ಆಮೇಲೆ ಕ್ಲಚ್ಚಿನ ಹಿಡಿ, ಬ್ರೇಕಿನ ಹಿಡಿ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಈ ಹ್ಯಾಂಡಲ್ ಹಾಕಿದ ಭಾನುವಾರ ಗಂಡ ಎಲ್ಲವನ್ನೂ ನೆಲಕ್ಕೆ ಸುರಿದಿದ್ದ, ಹುಡುಕುವಾಗೆಲ್ಲ ಶಿಳ್ಳೆ ಹಾಕುತ್ತಿದ್ದ. ಅವರಿಬ್ಬರೂ ಅವತ್ತು ಬಾಡಿಗೆ ಮನೆ ನೋಡಲು ಹೋಗಬೇಕಿತ್ತು. ಬೇರೆ ಮನೆ ಮಾಡುವ ಮಾತು ಅತ್ತೆಗೆ ಇನ್ನೂ ಹೇಳಿರಲಿಲ್ಲ. ಹೇಳುವುದು ಅವನ ಪಾಲು, ಮನೆ ಹುಡುಕುವುದು ಅವಳ ಪಾಲು ಎಂದು ಒಪ್ಪಂದವಾಗಿತ್ತು. ಹತ್ತಕ್ಕೆ ಹೊರಡೋಣ ಎಂದವನು ಒಂಬತ್ತಕ್ಕೆ ಬೆನ್ನು ನೋವು ಎಂದು ಕೊಂಡು ತಂದಿದ್ದ ಎತ್ತರದ ಹ್ಯಾಂಡಲ್ ಹಾಕಲು ಕೂತ. ನೆಟ್ಟಗೆ ಕೂತು ಓಡಿಸಬಹುದಂತೆ. ಒಂದು ಗಂಟೆಯ ಕೆಲಸವಂತೆ. ಹನ್ನೆರಡೂವರೆಗೆ ಅವಳು ಹೊರಗೆ ಹೋಗುವ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಅವನು ಗಾಡಿಯ ಮೇಲೆ ಕೂತು ಎಂಜಿನ್ ಚಾಲೂ ಇಟ್ಟು ಕೂಗಿದ: "ಏ, ಇಲ್ಲಿ ಬಂದು ನೋಡು. ನಾನು ಹ್ಯಾಂಡಲ್ ತಿರುಗಿಸ್ತೀನಿ, ಆಕ್ಸಲರೇಟರ್ ಕೇಬಲ್ ಎಲ್ಲಾದ್ರೂ ಬಿಗೀತಾ ನೋಡು. ಎಂಜಿನ್ ಶಬ್ದ ತನ್ನಷ್ಟಕ್ಕೆ ಏರಿದ್ರೂ ಹೇಳು, ನನ್ನ ಕಿವಿ ಗುಂಯ್ ಅಂತಿದೆ." ಅವಳು ಹೋದಳು. ಅವನು ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಅವಳ ಕಣ್ಣು ಕೇಬಲ್ಲಿನ ಕಡೆಗೇ ಇತ್ತು. ಆದರೆ ನೋಡುತ್ತಿದ್ದದ್ದು ಅವನ ಹಿಂದೆ, ಕಾಲೊರಸಿನ ಮೇಲೆ ಬಿದ್ದಿದ್ದ ಗ್ರೀಸಿನ ಕಲೆ. ಮನೆಯ ಮಾಲೀಕನಿಗೆ ಏನು ಹೇಳುವುದು, ಮತ್ತೆ ಎಷ್ಟು ಭಾನುವಾರ ಹೀಗೆ ಹೋಗುವುದು. "ಹೇಗಿದೆ?" ಅಂದ. "ಸರಿ ಇದೆ, ಬಿಡು," ಅಂದಳು. ಅವನು ನಂಬಿದ. ಕೈ ಒರಸಿಕೊಂಡು, ಐದೇ ನಿಮಿಷ, ಹೊರಟೆ, ಅಂದ.

ಹತ್ತೊಂಬತ್ತು ದಿನದ ನಂತರ, ಮಧ್ಯಾಹ್ನ, ಎಡಕ್ಕೆ ಹೋಗುವ ಒಂದು ತಿರುವಿನಲ್ಲಿ ಅವನು ಬಿದ್ದ. ರಸ್ತೆ ಒಣಗಿತ್ತು. ಎದುರಿಗೆ ಯಾವ ವಾಹನವೂ ಇರಲಿಲ್ಲ. ತಿರುವಿನಲ್ಲಿದ್ದ ಜೆರಾಕ್ಸ್ ಅಂಗಡಿಯವನು ಪೊಲೀಸರಿಗೆ ಹೇಳಿದ: ನಿಧಾನಕ್ಕೇ ಬರ್ತಿದ್ರು ಸಾರ್, ತಿರುಗೋವಾಗ ಇದ್ದಕ್ಕಿದ್ದಂಗೆ ಗಾಡಿ ಜೋರಾಯ್ತು. ಕಾಗದಕ್ಕೆ ಇಳಿಯುವಾಗ ಆ ಮಾತು 'ಅತಿವೇಗ' ಎಂದಾಯಿತು. ಅತ್ತೆಯ ಬಾಯಲ್ಲೂ ಅದೇ ಉಳಿಯಿತು. ಅವರು ಅಳುವುದು ಕಡಿಮೆ, ಬೈಯುವುದು ಹೆಚ್ಚು. ಹೊಲಿಯುತ್ತಾ ಹೊಲಿಯುತ್ತಾ ಯಂತ್ರದ ಸದ್ದಿನ ನಡುವೆ ಸತ್ತ ಮಗನನ್ನು ಬೈಯುತ್ತಾರೆ: ನಿನಗೆ ಯಾವಾಗಲೂ ಅವಸರ ಕಣೋ, ಹುಟ್ಟುವಾಗಲೂ ಅವಸರ, ಯಾರು ಓಡಿಸಿಕೊಂಡು ಬರುತ್ತಿದ್ದರೋ ಹಿಂದೆ. ಅದನ್ನು ಕೇಳುತ್ತಾ ಅವಳು ಎಂಟು ತಿಂಗಳು ತರಕಾರಿ ಹೆಚ್ಚಿದ್ದಾಳೆ, ಬಟ್ಟೆ ಮಡಚಿದ್ದಾಳೆ. ಒಮ್ಮೆಯೂ ಬಾಯಿ ತೆರೆದಿಲ್ಲ. ತೆರೆದರೆ ಏನು ಹೇಳುವುದು? ಅವಳಿಗೂ ಗೊತ್ತಿಲ್ಲ. ಅವತ್ತು ಶಬ್ದ ಏರಿತ್ತೋ ಇಲ್ಲವೋ ಎಷ್ಟು ನೆನೆಸಿಕೊಂಡರೂ ಬರುವುದಿಲ್ಲ. ಬರುವುದು ಗ್ರೀಸಿನ ಕಲೆ ಮಾತ್ರ, ಅದರ ಅಂಚು ಕೂಡ ಎಷ್ಟು ಸ್ಪಷ್ಟ.

"ಏನೇ, ಇನ್ನೂ ಕನ್ನಡೀಲೇ ಇದ್ದೀಯಾ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಅಳತೆಯ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುವುದು ಅವರಿಗೆ ಮೂವತ್ತು ವರ್ಷದ ರೂಢಿ. ಶಾಲೆಯ ಸಮವಸ್ತ್ರ ಹೊಲಿದೇ ಇಬ್ಬರು ಮಕ್ಕಳನ್ನು ಓದಿಸಿದವರು.

"ಕನ್ನಡಿ ಆಯ್ತು ಅತ್ತೆ. ಈಗ ರಬ್ಬರಿನ ಹಿಡಿ ತೆಗೀಬೇಕು."

"ಸೋಪಿನ ನೀರು ಹಾಕು. ಬೆರಳಿಗೆ ಉಂಗುರ ಸಿಕ್ಕಿಕೊಂಡಾಗ ಹಾಕಲ್ವಾ, ಹಾಗೆ. ಬ್ಲೇಡ್ ಗೀಡ್ ಹಿಡೀಬೇಡ, ಕೈ ಕುಯ್ಕೊಂಡು ಆಮೇಲೆ ನಾನು ಅದನ್ನೂ ಹೊಲೀಬೇಕು."

ಅವಳಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು. ಸೋಪಿನ ನೀರು ತಂದು ರಬ್ಬರಿನ ಹಿಡಿಯೊಳಕ್ಕೆ ಬಿಟ್ಟು ತಿರುಚಿದಳು. ಎಡಗಡೆಯದು ಜಾರಿ ಬಂತು. ಹೆಬ್ಬೆರಳು ಕೂರುವ ಜಾಗದಲ್ಲಿ ರಬ್ಬರಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು, ತಕ್ಷಣ ತೆಗೆದಳು. ಅತ್ತೆ ನೋಡುತ್ತಿದ್ದರು. ಅದನ್ನೂ ಅವರು 'ಪಾಪ'ದ ಲೆಕ್ಕಕ್ಕೇ ಸೇರಿಸಿಕೊಂಡು, ಮೂಗೆಳೆದು ಒಳಗೆ ಹೋದರು.

ಬಲಗಡೆಯ ಸ್ವಿಚ್ಚಿನ ಡಬ್ಬಿಯ ಎರಡು ಸ್ಕ್ರೂ ತೆಗೆದು, ಡಬ್ಬಿಯನ್ನು ಎರಡು ಹೋಳು ಮಾಡಿದಾಗ ಕೇಬಲ್ ಸಿಕ್ಕಿತು. ಇಷ್ಟೇ ಇಷ್ಟು. ಕಪ್ಪು ಪ್ಲಾಸ್ಟಿಕ್ಕಿನ ಕೊಳವೆ, ಒಳಗೆ ಉಕ್ಕಿನ ಹುರಿ, ತುದಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಗುಂಡು. ಗುಂಡನ್ನು ಅದರ ತೋಡಿನಿಂದ ಬಿಡಿಸುವ ಮೊದಲು ಅವಳು ಬಹಳ ಹೊತ್ತು ನೋಡಿದಳು. ಬಿಗಿಯಾಗಿದೆಯೇ? ಇರಲಿಲ್ಲ. ಸಡಿಲವಾಗಿ ಜೋಲುತ್ತಿತ್ತು. ಒಂದು ಕ್ಷಣ ಅವಳ ಮೈ ಹಗುರಾಯಿತು. ಆಮೇಲೆ ತಿಳಿಯಿತು: ಹ್ಯಾಂಡಲಿನ ಕೈ ಬಗ್ಗಿ ಒಳಕ್ಕೆ ಬಂದಿದೆ, ಬಂದಮೇಲೆ ಕೇಬಲ್ ಜೋಲಲೇಬೇಕು. ಬೀಳುವ ಮೊದಲು ಹೇಗಿತ್ತು ಎಂಬುದನ್ನು ಬಿದ್ದದ್ದೇ ಅಳಿಸಿಬಿಟ್ಟಿದೆ. ಕೊಳವೆಯ ಮೇಲೆ ಒಂದು ಕಡೆ ಉಜ್ಜಿ ಹೊಳಪಾದ ಗುರುತಿತ್ತು. ಉಗುರಿನಿಂದ ಕೆರೆದಳು. ಎಳೆದದ್ದರಿಂದ ಆದದ್ದೋ, ಬಿದ್ದಾಗ ಆದದ್ದೋ, ಠಾಣೆಯಲ್ಲಿ ಇನ್ನೊಂದು ಗಾಡಿ ಒರಗಿ ಆದದ್ದೋ. ಗುರುತು ಏನನ್ನೂ ಹೇಳಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಮ್ಮೆ ಮೇಡಂ ಅವಳ ಪುಸ್ತಕ ಎತ್ತಿ ಹಿಡಿದು, ಈ ಮೂರನೇ ರೀಡಿಂಗ್ ನೀನು ತೆಗೆದೇ ಇಲ್ಲ, ಅಲ್ವಾ, ಅಂದಿದ್ದರು. ಮೊದಲ ಎರಡು ಒಂದೇ ಬಂದಿದ್ದವು, ಮೂರನೆಯದೂ ಅದೇ ಬರುತ್ತದೆಂದು ಬರೆದುಬಿಟ್ಟಿದ್ದಳು. ಮೂವತ್ತು ಜನ ತಿರುಗಿ ನೋಡಿದರು. ಅವಳ ಬ್ಯುರೆಟ್ಟಿನ ತುದಿಯಿಂದ ಒಂದು ಹನಿ ಬೀಳದೆ ನೇತಾಡುತ್ತಿತ್ತು. 'ಬರುತ್ತಿತ್ತೋ ಏನೋ,' ಅಂದರು ಮೇಡಂ, 'ಆದರೆ ನೀನು ನೋಡಲಿಲ್ಲ.' ಬೈದಿರಲಿಲ್ಲ, ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಮುಂದೆ ಹೋಗಿದ್ದರು. ಮೊದಲ ದರ್ಜೆಯಲ್ಲಿ ಪಾಸಾದಳು. ಈಗ ಔಷಧದ ಕಂಪನಿಯಲ್ಲಿ ದಿನಕ್ಕೆ ನಾನೂರು ಬಾಟಲಿಯ ಮುಚ್ಚಳ ನೋಡಿ ಸಹಿ ಹಾಕುತ್ತಾಳೆ. ಎಂಟು ತಿಂಗಳಿಂದ ಒಂದೊಂದನ್ನೂ ಎರಡು ಸಲ ನೋಡುತ್ತಾಳೆ, ನೋಡಿ ಮತ್ತೆ ತಿರುಗಿ ಬರುತ್ತಾಳೆ. ನಿಧಾನವೆಂದು ಮೇಲಿನವರು ಎರಡು ಸಲ ಕರೆದು ಹೇಳಿದ್ದಾರೆ.

ಹ್ಯಾಂಡಲನ್ನು ಹಿಡಿದಿದ್ದ ಕ್ಲಾಂಪಿನ ನಾಲ್ಕು ಬೋಲ್ಟು ಬಿಚ್ಚಿದಾಗ ಹಳೆಯ ಹ್ಯಾಂಡಲ್ ಕೈಗೆ ಬಂತು. ಅಂದುಕೊಂಡಷ್ಟು ಭಾರವಿರಲಿಲ್ಲ. ಗೋಡೆಗೆ ಒರಗಿಸಿ, ಹೊಸದರ ದಾರ ಕತ್ತರಿಸಿ ರಟ್ಟು ಬಿಡಿಸಿದಳು. ಬಿಡಿಸಿದವಳು ಹಾಗೇ ಕೂತಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಳು. ಬಗ್ಗದ ಎಡಗೈಗೆ ಎಡಗೈ ಹಿಡಿದು ಅಳೆದಳು. ಅದೇ ಎತ್ತರ. ಅದೇ.

ಅಂಗಡಿಯಲ್ಲಿ ಏನಾಯಿತೆಂದು ಈಗ ಒಂದೊಂದಾಗಿ ನೆನಪಾಯಿತು. ಕೌಂಟರಿನ ಹಿಂದಿನ ಮನುಷ್ಯ ಅವಳನ್ನು ನೋಡದೆ ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದ. "ಯಾವ ಮಾಡೆಲ್ ಮೇಡಂ? ಯಾವ ವರ್ಷ? ಮನೆಯವರನ್ನ ಕಳಿಸಿ, ಇದೆಲ್ಲ ನಿಮಗೆ ಗೊತ್ತಾಗಲ್ಲ." ಪಕ್ಕದಲ್ಲಿ ನಿಂತ ಇಬ್ಬರು ನಕ್ಕರು. "ಅವರು ಊರಲ್ಲಿಲ್ಲ," ಅಂದಳು. ಎಲ್ಲಿ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಇನ್ನೊಂದು ಪ್ರಶ್ನೆ ಬರುವ ಮೊದಲು ಫೋನ್ ತೆಗೆದು ಗಾಡಿಯ ಚಿತ್ರ ತೋರಿಸಿದ್ದಳು. ಇದೇ ಬೇಕು. ಅವನು ಚಿತ್ರ ಹಿಗ್ಗಿಸಿ ನೋಡಿ, ಬಗ್ಗಿದ ಬಲಗೈಯ ಬಗ್ಗೆ ಏನನ್ನೂ ಕೇಳದೆ, ಇದೇ ಕೊಟ್ಟ. ಕಂಪನಿಯಿಂದ ಬಂದ ಗಿಡ್ಡ ಹ್ಯಾಂಡಲ್ ಕೊಡಿ ಎನ್ನಬೇಕಿತ್ತು. ಅದನ್ನು ಹಾಕಿದ್ದರೆ ಕೇಬಲ್ಲು ಸಾಕಾಗಿ ಮಿಕ್ಕುತ್ತಿತ್ತು. ಅವಳು ಗಂಡನದನ್ನೇ ಕೇಳಿ ತಂದಿದ್ದಾಳೆ. ಅದೇ ಎತ್ತರ, ಅದೇ ಹಳೆಯ ಕೇಬಲ್, ಅದೇ ಗಾಡಿ. ಹಾಕಿಬಿಟ್ಟರೆ ಆ ಭಾನುವಾರ ಇದ್ದದ್ದೆಲ್ಲ ಇದ್ದ ಹಾಗೇ ಮತ್ತೆ ನಿಲ್ಲುತ್ತದೆ. ಎಂಜಿನ್ ಚಾಲೂ ಮಾಡಿ ಎಡಕ್ಕೆ ತಿರುಗಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಗಂಟೆ ಮೂರೂಕಾಲು. ಅಂಗಡಿ ದೂರ, ಇವತ್ತು ಅದಕ್ಕೆ ವಾರದ ರಜೆ. ಹಾಕದೆ ಬಿಡಬಹುದು, ಬಿಟ್ಟರೆ ಮೈದುನ ಎರಡೂ ಹ್ಯಾಂಡಲನ್ನು ಎತ್ತಿಕೊಂಡು ಗ್ಯಾರೇಜಿನ ದೊಡ್ಡ ಗಂಟಲಿನವನ ಹತ್ತಿರ ಹೋಗುತ್ತಾನೆ. ಅವಳು ಎದ್ದು ನೀರು ಕುಡಿದು ಬಂದಳು. ಬಂದು ಹಾಕತೊಡಗಿದಳು. ಯಾಕೆ ಹಾಕುತ್ತಿದ್ದೇನೆಂದು ಕೇಳಿಕೊಳ್ಳಲಿಲ್ಲ. ಕ್ಲಾಂಪಿನ ಮುಂದಿನ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿದು ಆಮೇಲೆ ಹಿಂದಿನವನ್ನು ಬಿಗಿಯಬೇಕು, ಅದು ನೆನಪಿತ್ತು. ಗಂಡ ಹಾಗೆ ಮಾಡುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಸ್ವಿಚ್ಚಿನ ಡಬ್ಬಿಯೊಳಗೆ ಒಂದು ಸಣ್ಣ ಮೊಳೆಯಂಥದ್ದಿದೆ, ಅದು ಹ್ಯಾಂಡಲಿನ ತೂತಿಗೆ ಕೂರಬೇಕು. ಕೂತಿತು. ಕೇಬಲ್ಲನ್ನು ಬಿಚ್ಚುವ ಮೊದಲು ತೆಗೆದಿದ್ದ ಚಿತ್ರ ನೋಡಿ, ಅವನು ಹಾಯಿಸಿದ್ದ ದಾರಿಯಲ್ಲೇ ದೀಪದ ಹಿಂದಿನಿಂದ ಹಾಯಿಸಿದಳು. ಬೇರೆ ದಾರಿ ಹಿಡಿಸಿ ನೋಡಿದಳು, ತುದಿ ಮುಟ್ಟಲೇ ಇಲ್ಲ. ಅವನ ದಾರಿಯಲ್ಲಿ ಮಾತ್ರ ಮುಟ್ಟಿತು, ಸ್ವಲ್ಪ ಎಳೆದರೆ. ಸ್ವಲ್ಪವೇ. ಎಷ್ಟು ಎಳೆದರೆ ಹೆಚ್ಚು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುಂಡನ್ನು ತೋಡಿಗೆ ಕೂರಿಸುವಾಗ ಬೆರಳ ಸಂದಿಯಿಂದ ಎರಡು ಸಲ ಜಾರಿತು.

ನಾಲ್ಕೂವರೆಗೆ ಅತ್ತೆ ಮತ್ತೆ ಬಾಗಿಲಿಗೆ ಬಂದು, ತಲೆ ವಾರೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿದರು. "ಒಂದು ನೂಲು ಎಡಕ್ಕಿದೆ," ಅಂದರು. ಅವಳು ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು, ಬೋಲ್ಟು ಸಡಿಲಿಸಿ ಸರಿಸಿದಳು. "ಹಾಂ, ಈಗ ಕಾಲರು ಕೂತ ಹಾಗೆ ಕೂತಿತು. ಪರವಾಗಿಲ್ಲ ಕಣೇ ನೀನು." ಗಾಡಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಅದಕ್ಕೇ ಹೇಳುವಂತೆ ಅಂದರು: "ನಿಂತಾಗ ಎಷ್ಟು ಸಾಧುವಾಗಿ ಕಾಣತ್ತೆ. ಓಡಿಸೋನು ನೆಟ್ಟಗಿದ್ದಿದ್ರೆ ಇದಕ್ಕೇನಾಗ್ತಿತ್ತು."

ಆಗ ಹೇಳಬಹುದಿತ್ತು. ಅತ್ತೆ ಒಳಗೆ ಹೋದರು. ತಾನೇ ಎಂಜಿನ್ ಎಬ್ಬಿಸಿ ನೋಡೋಣವೆಂದು ಕಿಕ್ಕರಿನ ಮೇಲೆ ನಿಂತು ಒದ್ದಳು. ಆರು ಸಲ, ಹತ್ತು ಸಲ. ಹನ್ನೊಂದನೆಯದಕ್ಕೆ ಅದು ತಿರುಗಿ ಬಂದು ಮೊಣಕಾಲ ಕೆಳಗೆ ಹೊಡೆಯಿತು. ಮೂಳೆಯ ನೋವು ತಲೆಗೇರಿ ಕಣ್ಣಲ್ಲಿ ನೀರು ತುಂಬಿತು. ಎಷ್ಟೋ ದಿನದ ಮೇಲೆ ಬಂದ ನೀರು. ಅದು ನೋವಿನದು ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು.

ಮೈದುನ ಹತ್ತು ನಿಮಿಷ ಮೊದಲೇ ಬಂದ. ಬ್ಯಾಗನ್ನು ಮೆಟ್ಟಿಲ ಮೇಲೆ ಎಸೆದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಶಿಳ್ಳೆ ಹಾಕಿದ. ಅದು ಅವನ ಅಣ್ಣನ ಶಿಳ್ಳೆಯೇ. ಮನೆಯಲ್ಲಿ ಎಲ್ಲರೂ ಬಲ್ಲ ಶಿಳ್ಳೆ.

"ಅತ್ತಿಗೆ! ಔಷಧಿ ಕಂಪನಿ ಬಿಟ್ಟು ಗ್ಯಾರೇಜ್ ಇಡಿ. ಬೋರ್ಡ್ ನಾನು ಬರೆಸ್ತೀನಿ."

"ಬೋರ್ಡ್ ಆಮೇಲೆ ಬರೆಸು, ಮೊದಲು ಕೈಕಾಲು ತೊಳ್ಕೊಂಡು ಬಾರೋ," ಒಳಗಿನಿಂದ ಅತ್ತೆ.

"ಬಂದೆ ಕಣಮ್ಮ." ಅವನು ಕ್ಲಾಂಪನ್ನು ಹಿಡಿದು ಅಲ್ಲಾಡಿಸಿ ನೋಡಿದ. ಅವನಿಗೆ ಲಿಫ್ಟ್ ರಿಪೇರಿಯ ಕೆಲಸ. ದಿನವಿಡೀ ಎತ್ತರದ ಕಟ್ಟಡಗಳ ಬಾವಿಯಂಥ ಕತ್ತಲಿನಲ್ಲಿ ಹಗ್ಗಗಳ ನಡುವೆ ನಿಲ್ಲುತ್ತಾನೆ. "ಗಟ್ಟಿ ಇದೆ. ಆದ್ರೂ ನಾನು ನೋಡ್ಬೇಕು, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಹಗ್ಗ ಕಟ್ಟಿದವನು ಸರಿ ಇದೆ ಅಂದ್ರೆ ಅದು ಲೆಕ್ಕಕ್ಕಿಲ್ಲ. ಇನ್ನೊಬ್ಬ ಬಂದು ನೋಡಿ, ಅವನು ಸರಿ ಇದೆ ಅನ್ನಬೇಕು. ಕಟ್ಟಿದವನಿಗೆ ತನ್ನ ಗಂಟು ಯಾವಾಗಲೂ ಚೆಂದವೇ." ಬಗ್ಗಿ ಕೇಬಲ್ಲನ್ನು ಬೆರಳಿಂದ ಮೀಟಿದ. "ಸ್ವಲ್ಪ ಬಿಗಿ ಅನ್ಸುತ್ತಲ್ಲ. ಅಣ್ಣ ಹಾಕಿದ್ದೂ ಇದೇ ಎತ್ತರದ್ದಾ?"

"ಇದೇ."

"ಇದೇ ಕೇಬಲ್ಲಾ?"

"ಇದೇ."

"ಅವತ್ತು ನಾನಿರಲಿಲ್ಲ. ಅಣ್ಣ ಹಾಕಿದಾಗ ಯಾರು ನೋಡಿದ್ರು?"

ಸುಮ್ಮನೆ ಕೇಳಿದ್ದ. ಬಟ್ಟೆಯಿಂದ ಸೀಟಿನ ಧೂಳು ಹೊಡೆಯುತ್ತಾ ಕೇಳಿದ್ದ. ಬೀದಿಯಲ್ಲಿ ಯಾರೋ ನೀರಿನ ಕ್ಯಾನು ಉರುಳಿಸಿಕೊಂಡು ಹೋಗುತ್ತಿದ್ದರು.

"ನಾನು," ಅಂದಳು.

"ಸರಿ ಇತ್ತಾ?"

"ಸರಿ ಇದೆ ಅಂದೆ."

"ಮತ್ತೇನು! ಅದೇ ಹ್ಯಾಂಡಲ್, ಅದೇ ಕೇಬಲ್ಲು, ನೋಡಿದವರೂ ನೀವೇ. ಅವತ್ತು ಸರಿ ಇತ್ತು ಅಂದ್ಮೇಲೆ ಇವತ್ತೂ ಸರಿ ಇರುತ್ತೆ." ಅವನ ಮುಖ ಸಡಿಲವಾಯಿತು. ಕಾಲು ಹಾಕಿ ಕೂತ. ಎರಡನೇ ಒದೆತಕ್ಕೇ ಎಂಜಿನ್ ಎದ್ದಿತು.

"ಆದ್ರೂ ಒಂದು ಸಲ ತಿರುಗಿಸಿ ನೋಡು," ಅಂದಳು. ದನಿ ಎಂಜಿನ್ನಿನ ಕೆಳಗೆ ಹೂತುಹೋಯಿತು.

"ಬಂದ್ಮೇಲೆ ನೋಡೋಣ ಅತ್ತಿಗೆ. ಬ್ಯಾಟರಿ ಹೋಗಿದೆ, ದೀಪ ಉರಿಯಲ್ಲ, ಕತ್ತಲಾಗೋದ್ರೊಳಗೆ ಬರ್ಬೇಕು. ಗೇಟ್ ತೆಗೀರಿ."

ಅವಳು ಗೇಟಿನ ಚಿಲಕದ ಮೇಲೆ ಕೈಯಿಟ್ಟಳು. ಬೀದಿ ಕಂಡಿತು, ಬೀದಿಯ ಕೊನೆಯ ತಿರುವು ಕಂಡಿತು. ಎಡಕ್ಕೆ ಹೋಗುವ ತಿರುವು. ಈ ಮನೆಯಿಂದ ಹೊರಟವರೆಲ್ಲ ಮೊದಲು ಎಡಕ್ಕೇ ತಿರುಗಬೇಕೆಂದು ಅವಳಿಗೆ ಈ ಮೂರು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ. ಚಿಲಕ ಅರ್ಧ ಸರಿಯಿತು. ಸುಮ್ಮನಿದ್ದರೆ ಇವನು ಹೋಗುತ್ತಾನೆ. ಬಹುಶಃ ತಿರುಗಿಯೂ ಬರುತ್ತಾನೆ. ಇವನ ಅಣ್ಣನೂ ಹತ್ತೊಂಬತ್ತು ದಿನ ತಿರುಗಿ ಬಂದಿದ್ದ. ಅವಳು ಚಿಲಕ ಬಿಟ್ಟು ನಾಲ್ಕು ಹೆಜ್ಜೆ ಬಂದು, ಗಾಡಿಯ ಕೀ ತಿರುಗಿಸಿ ಕಿತ್ತುಕೊಂಡಳು. ಎಂಜಿನ್ ನಿಂತಿತು. ಆ ಮೌನದಲ್ಲಿ ಒಳಗಿನ ಹೊಲಿಗೆ ಯಂತ್ರ ಒಂದೇ ಕೇಳುತ್ತಿತ್ತು.

"ನೋಡಲಿಲ್ಲ," ಅಂದಳು.

"ಏನು?"

"ಅವತ್ತು ಅವನು ನೋಡು ಅಂದ. ಕೇಬಲ್ ಬಿಗಿಯುತ್ತಾ, ಶಬ್ದ ಏರುತ್ತಾ ನೋಡು ಅಂದ. ನನಗೆ ಸಿಟ್ಟು ಬಂದಿತ್ತು. ನೋಡಲಿಲ್ಲ. ನೋಡದೇ ಸರಿ ಇದೆ ಅಂದೆ."

ಮೈದುನ ಅವಳ ಕಡೆ ತಿರುಗಿದ. ಎಂಟು ತಿಂಗಳಿಂದ ಅವಳು ಕಂಡಿದ್ದ ತಿರುಗುವಿಕೆ ಹೀಗಿರಲಿಲ್ಲ. ಅದರಲ್ಲಿ ಸಿಟ್ಟಿತ್ತು, ಬೆರಳು ಮಾಡಿ ತೋರಿಸುವುದಿತ್ತು. ಇವನ ಮುಖದಲ್ಲಿ ಏನೂ ಇರಲಿಲ್ಲ. ಅವನು ಕಣ್ಣು ತಗ್ಗಿಸಿ ಹ್ಯಾಂಡಲನ್ನು ನೋಡಿದ, ತನ್ನ ಎರಡು ಕೈಗಳನ್ನು ನೋಡಿದ, ಕೈಗಳನ್ನು ಅದರ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಒಳಗೆ ಯಂತ್ರ ನಿಂತಿತು.

"ಯಾಕೋ, ಎಂಜಿನ್ ನಿಂತ್ಹೋಯ್ತಾ?" ಅತ್ತೆ ಬಾಗಿಲಿಗೆ ಬಂದರು. ಇಬ್ಬರೂ ಮಾತಾಡದಿದ್ದನ್ನು ಕಂಡು, ತುಟಿಯಿಂದ ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿದರು. "ಏನಾಯ್ತು?"

"ಏನಿಲ್ಲಮ್ಮ," ಅಂದ ಮೈದುನ. ಅಂದು, ಅವಳಿಗೆ ಮಾತ್ರ ಕೇಳುವಂತೆ, "ಅಮ್ಮನಿಗೆ ಹೇಳ್ಬೇಡಿ," ಅಂದ. ಆ ಮಾತಿನಲ್ಲಿ ಕರುಣೆಯಿತ್ತು. ಅದನ್ನು ಹಿಡಿದುಕೊಂಡರೆ ಸಾಕು, ಇನ್ನು ಈ ಮನೆಯಲ್ಲಿ ಇಬ್ಬರು ತರಕಾರಿ ಹೆಚ್ಚುತ್ತಾ, ಬೂಟಿನ ದಾರ ಕಟ್ಟುತ್ತಾ, ಸತ್ತವನನ್ನು ಬೈಯುವುದನ್ನು ಕೇಳುತ್ತಾ ಕೂರಬಹುದು. ಅವಳು ಕೀಯನ್ನು ಅವನ ಮುಂದೆ ಹಿಡಿದಳು.

"ಸ್ಟಾರ್ಟ್ ಮಾಡು. ಓಡಿಸ್ಬೇಡ. ನಿಂತಲ್ಲೇ ತಿರುಗಿಸು, ನಾನು ನೋಡ್ತೀನಿ. ನೀನೂ ನೋಡು."

ಅವನು ಬಹಳ ಹೊತ್ತು ಕೀ ತೆಗೆದುಕೊಳ್ಳಲಿಲ್ಲ. ಆಮೇಲೆ ತೆಗೆದುಕೊಂಡ. ಒದ್ದ. ಎಂಜಿನ್ ಎದ್ದು, ಕೆಮ್ಮಿ, ಒಂದೇ ಸಮನೆ ಓಡತೊಡಗಿತು. ಅವಳು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೇಬಲ್ ಅವಳ ಕಣ್ಣಿನ ಎತ್ತರಕ್ಕೆ, ಒಂದು ಗೇಣು ದೂರದಲ್ಲಿತ್ತು. ಬಿಸಿ ಎಣ್ಣೆಯ ವಾಸನೆ ಬಂತು. ಅವನು ಬಲಕ್ಕೆ ತಿರುಗಿಸಿದ. ಕೇಬಲ್ ಜೋಲಿತು, ಶಬ್ದ ಹಾಗೇ ಇತ್ತು. ನಡುವಿಗೆ ತಂದ. ಹಾಗೇ ಇತ್ತು. ಅವನು ಆಕ್ಸಲರೇಟರಿನಿಂದ ಬೆರಳು ಪೂರ್ತಿ ಬಿಡಿಸಿ, ಅಂಗೈಯ ಬುಡದಿಂದ ತಳ್ಳುತ್ತಾ, ನಿಧಾನಕ್ಕೆ ಎಡಕ್ಕೆ ತಿರುಗಿಸಿದ. ಕೊಳವೆ ದೀಪದ ಹಿಂದೆ ಸರಿಯಿತು, ನೆಟ್ಟಗಾಯಿತು, ಗೆರೆ ಎಳೆದಂತಾಯಿತು. ಎಂಜಿನ್ನಿನ ಶಬ್ದ ಏರಿತು.

ಯಾರ ಕೈಯೂ ಮುಟ್ಟದೆ ಅದು ತನ್ನಷ್ಟಕ್ಕೆ ಏರಿತು. ಗೇಟಿನ ತಗಡು ಗುಂಯ್‌ಗುಟ್ಟಿತು. ಇಷ್ಟು ಜೋರಾದ ಶಬ್ದ. ಇದರ ಪಕ್ಕದಲ್ಲಿ, ಇದೇ ಸಿಮೆಂಟಿನ ಮೇಲೆ, ಅವಳು ಒಂದು ಕಲೆಯನ್ನು ನೋಡುತ್ತಾ ನಿಂತಿದ್ದಳು.

"ಬಿಡೋ, ಯಾಕಷ್ಟು ಜೋರು ಮಾಡ್ತೀ?" ಅತ್ತೆ ಎರಡು ಕಿವಿಗೂ ಕೈ ಅಡ್ಡ ಹಿಡಿದು ಕೂಗಿದರು. "ನಿನಗೂ ಅವನ ಅವಸರವೇ ಬಂತಾ?"

ಅವಳು ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು. ಮೆಟ್ಟಿಲವರೆಗೂ ಹೋಗಿ, ಶಬ್ದದ ಮೇಲೆ ಕೇಳಿಸಬೇಕಾದದ್ದರಿಂದ, ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದಳು.

"ಅವನು ಜೋರಾಗಿ ಓಡಿಸಲಿಲ್ಲ ಅತ್ತೆ."

ಅತ್ತೆ ಕಿವಿಯಿಂದ ಕೈ ತೆಗೆದರು. ಹಿಂದೆ ಮೈದುನ ಹ್ಯಾಂಡಲನ್ನು ಎಡಕ್ಕೇ ಹಿಡಿದು ಕೂತಿದ್ದ. ಶಬ್ದ ಇಳಿಯಲಿಲ್ಲ.